ಮಾತು ಬಿಟ್ಟ ಪಾದ್ರಿ, ಕುರಿಮೋರೆ ಮೀನು

ಫೆಬ್ರವರಿ 4, ಮಂಗಳವಾರ

ಮಧ್ಯಾಹ್ನ ಸವಾನ್ನಾದ ಆಸ್ಪತ್ರೆಯಿಂದ ಮನೆಗೆ ಬಂದೆವು. ಗಂಟಲಿನೊಳಗೆ ಬೆಳೆದಿದ್ದ ಗಂಟನ್ನು ತೆಗೆದಿದ್ದಾರೆ. ಅದು ಕೆಟ್ಟ ಗಂಟಲ್ಲವೆಂದು ಪರೀಕ್ಷೆಯಲ್ಲಿ ತಿಳಿದದ್ದಕ್ಕೆ ದೇವರಿಗೆ ಸ್ತೋತ್ರ. ಆದರೆ ಡಾಕ್ಟರಮ್ಮನ ಕಟ್ಟಪ್ಪಣೆಯಾಗಿದೆ. ಒಂದು ತಿಂಗಳು ಒಂದು ಮಾತನ್ನೂ ಆಡಕೂಡದು. ಪಿಸುಗುಟ್ಟುವುದು ಕೂಗುವುದಕ್ಕಿಂತ ಕೆಟ್ಟದ್ದಂತೆ. ಗುನುಗಕೂಡದು, ಕೆಮ್ಮಕೂಡದು, ಗಂಟಲು ಸರಿಮಾಡಿಕೊಳ್ಳಲೂ ಕೂಡದು. ಬೇಥಾಬರ ಸಭೆಯ ಪ್ರಸಂಗಪೀಠದಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನಿಂತು, ಹೊಳೆಯಾಚೆ ಏಡಿ ಹಿಡಿಯುವವರ ಕಿವಿಗೂ ಬೀಳುವಂತೆ ದೇವರ ವಾಕ್ಯ ಸಾರಿದ ರೆವರೆಂಡ್ ಅಲ್ಫಾನ್ಸೊ ಮಂಗಿನ್, ಅಂದರೆ ನಾನು, ಇಂದಿನಿಂದ ಮೂಕ.

ಇದರಿಂದ ನಾವು ಕಲಿಯತಕ್ಕ ಪಾಠಗಳು ಮೂರು. ಮೊದಲನೆಯದಾಗಿ, ಮನುಷ್ಯನಿಗೆ ದೇವರು ಕೊಟ್ಟ ವರಗಳಲ್ಲಿ ಧ್ವನಿಗಿಂತ ದೊಡ್ಡದಿಲ್ಲ. ಎರಡನೆಯದಾಗಿ, ಆ ವರವನ್ನು ಕಳೆದುಕೊಂಡವನ ಪಾಡು... ಹೀಗೇ ಬರೆಯುತ್ತ ಹೋದರೆ ಈ ಪುಸ್ತಕವೂ ಪ್ರಸಂಗವಾಗುತ್ತದೆ. ಆಗಲಿ. ಬಾಯಿಗೆ ಬೀಗ ಹಾಕಿದ್ದಾರೆ, ಕೈಗಲ್ಲವಲ್ಲ. ಯಾರೂ ಓದದಿದ್ದರೂ ಚಿಂತೆಯಿಲ್ಲ, ಎಲ್ಲಾದರೂ ಹೇಳಿಕೊಳ್ಳಲೇಬೇಕು.

ಒಡೆಸ್ಸಾ ದಾರಿಯಲ್ಲಿ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಮಕ್ಕಳ ಸ್ಲೇಟೊಂದನ್ನು ತಂದಳು. ಅಂಗೈಯಗಲದ್ದು. ನಾನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ್ದಕ್ಕೆ, “ಬೇಕಂತಲೇ ಚಿಕ್ಕದು ಆರಿಸಿದೆ, ರೆವರೆಂಡ್. ದೊಡ್ಡದು ತಂದಿದ್ರೆ ನೀವು ಅಷ್ಟನ್ನೂ ತುಂಬಿಸ್ತಿದ್ರಿ” ಅಂದಳು. ಮದುವೆಯಾದಂದಿನಿಂದ ಅವಳು ನನ್ನನ್ನು ರೆವರೆಂಡ್ ಎಂದೇ ಕರೆಯುವುದು, ಮನೆಯೊಳಗೂ. ಅವಳ ತಾಯಿ ಹಾಗೆ ಹೇಳಿಕೊಟ್ಟಿದ್ದಳು.

ನನ್ನ ಬದಲಿಗೆ ಬ್ರನ್ಸ್‌ವಿಕ್‌ನಿಂದ ವರ್ನೆಲ್ ಪಿಂಕ್ನಿ ಎಂಬ ಹುಡುಗಿ ಬಂದು ಪ್ರಸಂಗ ಮಾಡುತ್ತಾಳೆ. ಇನ್ನೂ ಮೂವತ್ತಾಗಿಲ್ಲ. ಸಭೆಯ ಹಿರಿಯರು ವಸಂತದಲ್ಲಿ ಕೂತು “ಮುಂದಿನದನ್ನು” ಯೋಚಿಸುತ್ತಾರಂತೆ. ಮುಂದಿನದು ಎಂದರೇನು ಎಂದು ಸ್ಲೇಟಿನಲ್ಲಿ ಬರೆದು, ನೋಡಲು ಬಂದಿದ್ದ ಹಿರಿಯ ಟ್ರೂಮನ್ ಗ್ರಾಂಟ್‌ಗೆ ತೋರಿಸಿದೆ. ಅವನು ಟೋಪಿ ತೆಗೆದುಕೊಂಡು ಹೊರಟೇ ಹೋದ.

ಫೆಬ್ರವರಿ 9, ಭಾನುವಾರ

ಸ್ವಂತ ದೇವಾಲಯದಲ್ಲಿ ಮೊದಲ ಬೆಂಚಿನಲ್ಲಿ ಕೂತೆ. ಆ ಬೆಂಚು ಇಷ್ಟು ಗಟ್ಟಿಯೆಂದು ಯಾರೂ ನನಗೆ ಹೇಳಿರಲಿಲ್ಲ.

ಪಿಂಕ್ನಿಯ ಪ್ರಸಂಗ ಶುರುವಾಗುತ್ತಲೇ ಮುಗಿಯಿತು. ಆರಂಭವಿಲ್ಲ, ಏರಿಕೆಯಿಲ್ಲ, ಕೊನೆಯಲ್ಲಿ ಜನರನ್ನು ಎಬ್ಬಿಸಿ ನಿಲ್ಲಿಸುವ ಆ ಗುಡುಗಂತೂ ಇಲ್ಲವೇ ಇಲ್ಲ. ನೆರೆಮನೆಯವಳು ಬೇಲಿಯ ಬಳಿ ನಿಂತು ಮಾತಾಡಿದ ಹಾಗಿತ್ತು. ಆದರೂ ಜನ ಆಮೆನ್ ಅಂದರು, ಕೆಲವರು ಕಣ್ಣೊರೆಸಿಕೊಂಡರು. ಕನಿಕರಕ್ಕಿರಬೇಕು. ಅವಳು ಬಿಟ್ಟ ಅಂಶಗಳನ್ನು ಸ್ಲೇಟಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದಾಗ ಒಡೆಸ್ಸಾ ಅದನ್ನು ಕಸಿದು ತನ್ನ ಕೈಚೀಲದೊಳಗೆ ಹಾಕಿಕೊಂಡಳು.

ಮನೆಗೆ ಬಂದು ಕೋಣೆಯಿಂದ ಕೋಣೆಗೆ ಓಡಾಡಿದೆ. ಸಂಜೆಗೆ ಒಡೆಸ್ಸಾಗೆ ಸಾಕಾಗಿ ಹೋಯಿತು.

“ಹೀಗೆ ನೆಲ ಸವೆಸಬೇಡಿ. ಕೂಟರ್‌ಗೆ ಹೇಳಿದೀನಿ, ಗುರುವಾರ ಬಂದು ಕರ್ಕೊಂಡು ಹೋಗ್ತಾನೆ. ಕುರಿಮೋರೆ ಮೀನು ಹೊಳೆಗೆ ಬಂದಿದೆಯಂತೆ.”

ಕೂಟರ್! ಅವನ ನಿಜವಾದ ಹೆಸರು ಹೆಜೆಕಾಯ ಡ್ರೇಟನ್, ಕೂಟರ್ ಎಂದರೆ ಈ ಕಡೆ ಆಮೆ, ಹಾಗೆ ನಡೆಯುತ್ತಾನೆಂದು ಚಿಕ್ಕಂದಿನಲ್ಲೇ ಆ ಹೆಸರು ಬಿತ್ತು. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಅಕ್ಷರ ಕಲಿತವರು. ಅವನು ಪ್ರಸಂಗದ ನಟ್ಟನಡುವೆ ಎದ್ದು, “ಇಳಿತ ಮುಗೀತು, ನೀರು ತಿರುಗೋ ಹೊತ್ತಾಯ್ತು” ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹೊರಗೆ ನಡೆದುಬಿಡುವ ಮನುಷ್ಯ. ಈಚಿನ ವರ್ಷಗಳಲ್ಲಿ ಅವನು ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿಲ್ಲ. ಆಗುವುದಿಲ್ಲ ಎಂದು ಬರೆಯೋಣವೆಂದರೆ ಸ್ಲೇಟು ಅವಳ ಕೈಚೀಲದಲ್ಲಿತ್ತು.

ಫೆಬ್ರವರಿ 13, ಗುರುವಾರ

ಈ ದಿನದ ಹಿಂಸೆಯನ್ನು ಕ್ರಮವಾಗಿ ದಾಖಲಿಸುತ್ತೇನೆ.

ಬೆಳಗಿನ ಚಳಿಯಲ್ಲಿ ಕೂಟರ್ ದೋಣಿಯನ್ನು ಹಳೇ ರೈಲು ಸೇತುವೆಯ ಬಳಿಗೆ ಒಯ್ದ. ಸೇತುವೆ ಬಿದ್ದುಹೋಗಿ ನಾನು ಹುಡುಗನಾಗಿದ್ದಾಗಲೇ ಬಹಳ ಕಾಲವಾಗಿತ್ತು. ಕಂಬಗಳು ಮಾತ್ರ ಹೊಳೆಯಲ್ಲಿ ಸಾಲಾಗಿ ನಿಂತಿವೆ. ನೀರು ಇಳಿದಾಗ ಅವುಗಳ ಮೈತುಂಬ ಅಂಟಿಕೊಂಡ ಚೂಪು ಚಿಪ್ಪುಗಳು ಕಾಣುತ್ತವೆ. ಮೀನು ಬರುವುದು ಆ ಚಿಪ್ಪು ತಿನ್ನಲಿಕ್ಕೆ. ಕೂಟರ್ ಉದ್ದ ಹಿಡಿಯ ಗುದ್ದಲಿಯಿಂದ ಕಂಬವನ್ನು ಕೆರೆದು ಚಿಪ್ಪಿನ ಪುಡಿಯನ್ನು ನೀರಿಗೆ ಉದುರಿಸಿದ.

“ಊಟಕ್ಕೆ ಬನ್ರಪ್ಪಾ ಅಂತ ಗಂಟೆ ಹೊಡೆದ ಹಾಗೆ ಇದು. ನಿನ್ನ ಚರ್ಚಿನ ಗಂಟೆಗಿಂತ ವಾಸಿ. ನಿನ್ನ ಗಂಟೆ ಕೇಳಿ ಬಂದವರಿಗೆ ಊಟ ಸಿಗೋದು ಒಂದೂವರೆಗೆ.”

ನಾನು ಸ್ಲೇಟು ತೆಗೆದೆ.

“ಒಳಗಿಡು ಅದನ್ನ. ನಾನು ಕನ್ನಡಕ ತಂದಿಲ್ಲ. ನೋಡು ಫಾನ್ಸೊ, ನಿಂಗೆ ಉತ್ತರ ಕೊಡೋಕೆ ಆಗಲ್ಲ ಅಂತ ಒಡೆಸ್ಸಾ ಹೇಳಿದ್ಳು ಅಂತ್ಲೇ ನಾನು ಒಪ್ಕೊಂಡಿದ್ದು. ಇಲ್ದಿದ್ರೆ ನಿನ್ನ ಜೊತೆ ಒಂದೇ ದೋಣೀಲಿ ಯಾರಿಗೆ ಬೇಕಾಗಿತ್ತು?”

ಗಾಳಕ್ಕೆ ಪುಟ್ಟ ಏಡಿ ಸಿಕ್ಕಿಸಬೇಕು. ಒಂದು ಕೊಂಡಿ ದೊಡ್ಡದು, ಒಂದು ಚಿಕ್ಕದು ಇರುವ ಆ ಕೆಸರಿನ ಏಡಿ. ಕಂಬಕ್ಕೆ ಒರಗಿಸಿ ದಾರ ಇಳಿಬಿಡಬೇಕು. ಆಮೇಲೆ ಏನೂ ಆಗುವುದಿಲ್ಲ. ಮೇಲೆತ್ತಿದರೆ ಏಡಿ ಇಲ್ಲ, ಖಾಲಿ ಗಾಳ. ಮತ್ತೆ ಏಡಿ, ಮತ್ತೆ ಖಾಲಿ. ಬೆಳಗ್ಗೆಯಿಡೀ ಈ ಹೊಳೆಯ ಕಳ್ಳರಿಗೆ ಊಟ ಬಡಿಸಿದ್ದಾಯಿತು.

“ಅದು ಎಳೆಯಲ್ಲ ಕಣೋ. ಎಳೆಯೋ ಮೀನು ಬೇರೆ. ಇದು ಬಾಯಲ್ಲಿಟ್ಕೊಂಡು ಅಗಿಯುತ್ತೆ, ಚಿಪ್ಪು ಉಗಿಯುತ್ತೆ, ಹೋಗುತ್ತೆ. ನಿಂಗೆ ಗೊತ್ತಾಗೋದು ಇಷ್ಟೇ, ಭಾರ ಸ್ವಲ್ಪ ಬದಲಾಗುತ್ತೆ. ಅಷ್ಟೇ. ನೀನು ಗುಡುಗಿಗೆ ಕಾಯ್ತಾ ಕೂತ್ರೆ ಆಗಲ್ಲ.”

ಆಮೇಲೆ ತನ್ನ ಮಂಡಿನೋವು, ತಂಗಿಯ ಮಗಳ ಕಾರು, ಶೆರಿಫನ ನಾಯಿ, ಟೊಮೇಟೊ ಹಾಕಿದ ಕೆಂಪನ್ನಕ್ಕೆ ಎಷ್ಟು ಹೊಗೆಮಾಂಸ ಹಾಕಬೇಕು. ನಿಲ್ಲಿಸಲಿಲ್ಲ. ಪ್ರತಿಯೊಂದಕ್ಕೂ ನನ್ನ ಬಳಿ ಒಳ್ಳೆಯ ಉತ್ತರಗಳಿದ್ದವು.

ಮತ್ತೆ ಹೋಗುವುದಿಲ್ಲ.

ಫೆಬ್ರವರಿ 15, ಶನಿವಾರ

ಹೋದೆ. ಒಡೆಸ್ಸಾ ಮನೆ ಒರೆಸುತ್ತಿದ್ದಳು. ಮೀನಿಲ್ಲ.

ಫೆಬ್ರವರಿ 22, ಶನಿವಾರ

ಸಿಕ್ಕಿತು!

ನೀರು ನಿಂತ ಹೊತ್ತು, ಗಾಳಿಯೂ ಇಲ್ಲ. ಕೂಟರ್ ತನ್ನ ತಂಗಿಯ ಮಗಳ ಮೂರನೇ ಗಂಡನ ವಿಷಯ ಹೇಳುತ್ತಿದ್ದ. ಅದು ನನ್ನ ಬಲಗಿವಿಗೆ ಬೀಳುತ್ತಿತ್ತು. ಬೆರಳಿಗೆ ಸುತ್ತಿಕೊಂಡ ದಾರದಲ್ಲಿ ಏನೋ. ಎಳೆತವಲ್ಲ, ಕುಟುಕಲ್ಲ. ಒದ್ದೆ ಬಟ್ಟೆಯೊಂದು ಬಂದು ತಗುಲಿದ ಹಾಗೆ. ಎತ್ತಿದೆ. ಕೋಲು ಬಿಲ್ಲಾಯಿತು. ಅದು ನೇರ ಕಂಬಗಳ ಸಂದಿಗೆ ನುಗ್ಗಿತು, ದಾರ ಚಿಪ್ಪಿಗೆ ತಗುಲಿದರೆ ಕತ್ತರಿಸಿ ಹೋಗುತ್ತದೆ, ನಾನು ಎದ್ದು ನಿಂತು ದೋಣಿಯನ್ನೇ ಓಲಾಡಿಸಿದೆ. ಬಾಯಿ ತೆರೆದಿದ್ದೆ, ಒಳಗಿನಿಂದ ಹಲ್ಲೆಲೂಯಾ ಗಂಟಲವರೆಗೆ ಬಂದಿತ್ತು. ಕೂಟರ್ ನನ್ನ ಮುಖ ನೋಡಿ ಹೌಹಾರಿ, “ಮುಚ್ಚು ಬಾಯಿ! ಮುಚ್ಚು! ನಿನ್ನ ಹೆಂಡತಿ ನನ್ನ ಸುಲೀತಾಳೆ! ನಾನು ಕೂಗ್ತೀನಿ ನಿನ್ನ ಬದಲು!” ಎಂದು, ಹೊಳೆಯಿಡೀ ಕೇಳುವಂತೆ ಹಲ್ಲೆಲೂಯಾ ಕೂಗಿದ. ಪ್ರಸಂಗ ಮುಗಿಯುವವರೆಗೆ ಕೂರದವನ ಬಾಯಲ್ಲಿ ಆ ಮಾತು ಇಷ್ಟು ಚೆನ್ನಾಗಿ ಬರುತ್ತದೆಂದು ತಿಳಿದಿರಲಿಲ್ಲ. ನಾನು ಕಾಲಿನಿಂದ ದೋಣಿಯ ಹಲಗೆಯನ್ನು ಬಡಿದೆ.

ಬೂದು ಮೈ, ಜೈಲಿನ ಅಂಗಿಯಂತೆ ಕಪ್ಪು ಪಟ್ಟೆ. ಬಾಯಿ ಬಿಡಿಸಿದರೆ ಥೇಟು ನಮ್ಮ ಹಲ್ಲು. ಹಿರಿಯ ಟ್ರೂಮನ್ ಗ್ರಾಂಟ್ ನಕ್ಕ ಹಾಗಿತ್ತು.

ಮುಳ್ಳು ದಪ್ಪ, ಪಕ್ಕೆಲುಬು ಗಟ್ಟಿ. ಹೆಚ್ಚಲು ಕೂತರೆ ಕೈ ಸೋಲುತ್ತದೆ. ಒಡೆಸ್ಸಾ ಖಾರದ ಮಸಾಲೆ ನೀರಿನಲ್ಲಿ ಬೇಯಿಸಿ, ಏಡಿಯ ಮಾಂಸದಂತೆ ಎಳೆ ಎಳೆಯಾಗಿ ಬಿಡಿಸಿ, ಬೆಣ್ಣೆ ಸವರಿ ಮೆಕ್ಕೆಜೋಳದ ಗ್ರಿಟ್ಸ್ ಗಂಜಿಯ ಮೇಲಿಟ್ಟಳು. ಊಟದ ಪ್ರಾರ್ಥನೆ ಹೇಳುವವರಿಲ್ಲ. ಅವಳೂ ಹೇಳಲಿಲ್ಲ. ಸುಮ್ಮನೆ ತಟ್ಟೆ ನೋಡಿ, ಆಮೇಲೆ ತಿಂದೆವು. ಮೀನು ಬಿಡಿಸುತ್ತ ಅವಳು ಮಾತಿಗೆ ಶುರು ಮಾಡಿದಳು. ಮದುವೆಗೆ ಮೊದಲು ಸಿಗಡಿ ಕಾರ್ಖಾನೆಯಲ್ಲಿ ಸಿಗಡಿ ತಲೆ ಮುರಿಯುವ ಕೆಲಸ ಮಾಡುತ್ತಿದ್ದಾಗ ಅಲ್ಲಿನ ಹೆಂಗಸರೆಲ್ಲ ವಾಸನೆ ಹೋಗಲೆಂದು ಕೈಗೆ ನಿಂಬೆ ಹಚ್ಚಿಕೊಂಡು ಕುಣಿಯಲು ಹೋಗುತ್ತಿದ್ದದ್ದು, ಇವಳು ಮನೆಯ ಕಿಟಕಿಯಿಂದ ಹಾರಿ ಅವರ ಜೊತೆ ಸೇರಿದ್ದು. ಒಡೆಸ್ಸಾ ಕಿಟಕಿಯಿಂದ ಹಾರಿದಳೆಂದರೆ! ನನ್ನ ಬೇಸರ ಕಳೆಯಲು ಕಟ್ಟಿ ಹೇಳಿರಬೇಕು, ಪಾಪ. ಗಂಜಿ ಆರಿಹೋಗಿತ್ತು.

ಮಾರ್ಚ್ 6, ಗುರುವಾರ

ಡಾಕ್ಟರಮ್ಮ ನಳಿಗೆ ಹಾಕಿ ನೋಡಿದಳು. ಗಾಯ ಇನ್ನೂ ಹಸಿ. ಇನ್ನಷ್ಟು ವಾರ ಮೌನ. ಆಮೇಲೂ ಮೊದಲಿನ ಧ್ವನಿ ಬರುವುದಿಲ್ಲ ಎಂದಳು. ಮಾತಿಗೆ ಸಾಲುತ್ತದೆ, ಗುಡುಗಿಗೆ ಸಾಲುವುದಿಲ್ಲ.

ದಾರಿಯುದ್ದಕ್ಕೂ ಒಡೆಸ್ಸಾ ಒಂದು ಕೈಯಲ್ಲೇ ಕಾರು ನಡೆಸಿದಳು, ಇನ್ನೊಂದು ನನ್ನ ಮೊಣಕಾಲಿನ ಮೇಲಿತ್ತು.

ಮಾರ್ಚ್ 7, ಶುಕ್ರವಾರ

ನಿದ್ದೆ ಬರಲಿಲ್ಲ. ಬೆಳಗಾಗುತ್ತಲೇ ಒಬ್ಬನೇ ದೋಣಿ ಕಟ್ಟುವ ದಕ್ಕೆಯ ತುದಿಗೆ ಹೋಗಿ ಅಲ್ಲಿನ ಕಂಬಗಳ ಬುಡಕ್ಕೆ ಗಾಳ ಇಳಿಬಿಟ್ಟು ಕೂತೆ. ಯಾರ ಜೊತೆಯೂ ಬೇಡವೆನಿಸಿತ್ತು.

ನಮ್ಮ ಸಭೆಯಲ್ಲೇ ಹಿರಿಯಳಾದ ಮಿಸ್ ಅರ್ನೆಸ್ಟಿನ್ ಕೋಲೂರಿಕೊಂಡು ಬಂದಳು. ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತಳು. ಮೀನು ಓಡಿಹೋಗುತ್ತದೆಂದು ಹೇಳುವಂತಿರಲಿಲ್ಲ.

“ನಂಗೆ ಕಣ್ಣು ಹೋಗ್ತಾ ಇದೆ ಪಾದ್ರಿಗಳೇ. ಮಗಳಿಗೆ ಹೇಳಿಲ್ಲ. ಹೇಳಿದ್ರೆ ಅಟ್ಲಾಂಟಾಕ್ಕೆ ಎಳ್ಕೊಂಡು ಹೋಗ್ತಾಳೆ. ಅಲ್ಲಿ ನಂಗೆ ಯಾವ ಬಾಗಿಲು ಎಲ್ಲಿದೆ ಗೊತ್ತಿಲ್ಲ. ಇಲ್ಲಾದ್ರೆ ಕಣ್ಣು ಮುಚ್ಕೊಂಡೂ ಓಡಾಡ್ತೀನಿ.”

ನಾನು ನೋಡಿದೆ. ಆಕೆ ಹೊಳೆಯ ಕಡೆ ಮುಖ ಮಾಡಿ, ಕೋಲಿನ ತುದಿಯಿಂದ ಹಲಗೆ ಕೆರೆಯುತ್ತಿದ್ದಳು. ನನ್ನ ದಾರದಲ್ಲಿ ಏನೋ ತಗುಲಿತ್ತು. ಎತ್ತಲಿಲ್ಲ.

“ಹೌದು, ನೀವು ಹೇಳೋದು ಸರಿ” ಅಂದಳು ಕೊನೆಗೆ. “ನಾನೇ ಫೋನ್ ಮಾಡಿ ಹೇಳ್ಬೇಕು. ಬೇರೆಯವರ ಬಾಯಿಂದ ಗೊತ್ತಾದ್ರೆ ಹೆದರ್ತಾಳೆ. ಆದ್ರೆ ಇಲ್ಲೇ ಇರ್ತೀನಿ ಅಂತ ಗಟ್ಟಿಯಾಗಿ ಹೇಳ್ತೀನಿ. ಒಳ್ಳೇ ಮಾತು ಹೇಳಿದ್ರಿ, ದೇವ್ರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ.”

ನಾನು ಏನನ್ನೂ ಹೇಳಿರಲಿಲ್ಲ. ಆಕೆಗೆ ವಯಸ್ಸಾಯಿತು.

ಆಕೆಯನ್ನು ಮನೆಯವರೆಗೂ ಬಿಟ್ಟು ಬಂದೆ. ಮೆಟ್ಟಿಲ ಅಂಚಿಗೆ ಬಿಳಿ ಬಣ್ಣ ಬಳಿದರೆ ಕಾಣುತ್ತದೇನೋ. ನಾಳೆ ಬಳಿಯಬೇಕು.

ಮಾರ್ಚ್ 12, ಬುಧವಾರ

ಈ ಜನಕ್ಕೆ ಏನಾಗಿದೆಯೋ. ದಕ್ಕೆಯ ಮೇಲೆ ನೆಮ್ಮದಿಯಾಗಿ ಮೀನು ಹಿಡಿಯುವ ಹಾಗಿಲ್ಲ. ನಿನ್ನೆ ಇಬ್ಬರು, ಇವತ್ತು ಒಬ್ಬ, ಆಮೇಲೆ ಪಿಂಕ್ನಿ. ಒಡೆಸ್ಸಾ ಇನ್ನೊಂದು ಬಕೆಟ್ಟು ತಂದಿಟ್ಟಿದ್ದಾಳೆ.

ಪಿಂಕ್ನಿಗೆ ಭಾನುವಾರದ ಪ್ರಸಂಗ ಹೊಳೆಯುತ್ತಿಲ್ಲವಂತೆ. “ನಿಮ್ಮ ಪೀಠದಲ್ಲಿ ನಿಂತ್ಕೊಂಡ್ರೆ ಸರ್, ಎಲ್ಲರೂ ನಿಮ್ಮ ದನಿಗೆ ಕಾಯ್ತಿರೋ ಹಾಗನ್ಸುತ್ತೆ” ಅಂದಳು. ಅವಳಿಗೆ ಒಂದು ಏಡಿ ಕೊಟ್ಟು ಗಾಳಕ್ಕೆ ಸಿಕ್ಕಿಸುವುದು ತೋರಿಸಿದೆ. ಏಡಿ ಅವಳ ಬೆರಳು ಕಚ್ಚಿತು. ಅವಳು ಅಂದ ಮಾತನ್ನು ಇಲ್ಲಿ ಬರೆಯಲಾಗದು. ಇಬ್ಬರೂ ನಕ್ಕೆವು, ನನಗೆ ಸದ್ದಿಲ್ಲದೆ ನಗುವುದು ಈಗ ರೂಢಿಯಾಗಿದೆ. ಬಹಳ ಹೊತ್ತು ಕೂತಿದ್ದಳು. ಒಳ್ಳೆಯ ಹುಡುಗಿ. ಒಂದು ಮೀನು ಕೊಟ್ಟು ಕಳಿಸಿದೆ.

ಮಾರ್ಚ್ 15, ಶನಿವಾರ

ಇವತ್ತು ಕೂಟರ್‌ಗೆ ಪೆಟ್ಟಾಯಿತು.

ನೀರು ಪೂರ್ತಿ ಇಳಿದಿತ್ತು. ದೋಣಿಯನ್ನು ಕಂಬಕ್ಕೆ ಕಟ್ಟಿದ್ದೆವು. ದೊಡ್ಡ ದೋಣಿಯೊಂದು ವೇಗವಾಗಿ ಹಾದುಹೋಗಿ ಅದರ ಅಲೆ ನಮ್ಮನ್ನು ಕಂಬದತ್ತ ತಳ್ಳಿತು. ಕೂಟರ್ ಕೈಚಾಚಿ ತಡೆಯಲು ಹೋದ. ಕೈ ಕಂಬಕ್ಕೂ ದೋಣಿಗೂ ನಡುವೆ ಸಿಕ್ಕಿ, ಚಿಪ್ಪುಗಳ ಮೇಲೆ ಉಜ್ಜಿಕೊಂಡು ಹೋಯಿತು. ಅಂಗೈಯಿಂದ ಮಣಿಕಟ್ಟಿನವರೆಗೆ ಬಾಯ್ಬಿಟ್ಟಿತು. ಅಷ್ಟೊಂದು ರಕ್ತ ನಾನು ನೋಡಿರಲಿಲ್ಲ.

ನನ್ನ ಅಂಗಿ ಬಿಚ್ಚಿ ಬಿಗಿಯಾಗಿ ಸುತ್ತಿದೆ. ಕೈಯನ್ನು ಮೇಲೆತ್ತಿ ಹಿಡಿದುಕೋ ಎಂದು ತೋರಿಸಿದೆ. ಅವನ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಮೊದಲ ಬಾರಿಗೆ ಅವನು ಮಾತು ನಿಲ್ಲಿಸಿದ್ದ. ಅದಕ್ಕೇ ನನಗೆ ಭಯವಾದದ್ದು. ಅವನ ಜೇಬಿನಲ್ಲಿ ಫೋನಿತ್ತು. ನನಗೆ ಅದರಿಂದ ಏನು ಪ್ರಯೋಜನ? ಹಗ್ಗ ಕತ್ತರಿಸಿ ಎಂಜಿನ್ ಶುರು ಮಾಡಿದೆ. ನಾನು ದೋಣಿ ನಡೆಸಿ ಯಾವ ಕಾಲವಾಯಿತೋ. ಒಂದು ಕೈ ಚುಕ್ಕಾಣಿಯ ಮೇಲೆ, ಇನ್ನೊಂದರಲ್ಲಿ ಅವನ ಒಳ್ಳೆಯ ಕೈ. ಅವನು ಹಿಡಿದಿದ್ದ ಬಿಗಿಗೆ ಬೆರಳು ಈಗಲೂ ನೋಯುತ್ತಿದೆ.

ದಕ್ಕೆ ಕಾಣಿಸಿದ ಕೂಡಲೇ ಗುದ್ದಲಿಯಿಂದ ತಗಡಿನ ಬಕೆಟ್ಟನ್ನು ಬಡಿದೆ. ಬಡಿದೇ ಬಡಿದೆ. ಏಡಿ ಹಿಡಿಯುವವರು ಓಡಿ ಬಂದರು, ಯಾರೋ ಕಾರು ತಂದರು.

ಹೊಲಿಗೆ ಹಾಕಿ, ರಕ್ತ ಕೊಟ್ಟಿದ್ದಾರೆ. ಬೆರಳುಗಳು ಆಡುತ್ತವಂತೆ. ಉಳಿದ.

ಸಂಜೆ ಒಡೆಸ್ಸಾ ನನ್ನ ಎರಡೂ ಭುಜ ಹಿಡಿದು, “ನಿಜ ಹೇಳಿ. ಕೂಗಿದ್ರಾ?” ಅಂದಳು. ಇಲ್ಲವೆಂದು ತಲೆಯಾಡಿಸಿದೆ. ಅವಳು ನಂಬಲಿಲ್ಲ. ಆದರೆ ನಿಜ. ಕೂಗಬೇಕೆಂದು ನೆನಪೇ ಆಗಲಿಲ್ಲ. ವಿಚಿತ್ರ.

ಮಾರ್ಚ್ 18, ಮಂಗಳವಾರ

ಕೂಟರ್‌ನ ಮನೆಗೆ ಸೂಪು ಒಯ್ದೆ. ಅವನು ಜಗಲಿಯ ಮೇಲೆ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದ. ನಾನು ಅವನಿಗೆ ಸೂಪು ಕುಡಿಸಿದೆ. ಹೆಂಡತಿ ಲೊರೆಟ್ಟಾ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅವನೊಬ್ಬನೇ.

“ನಾನ್ಯಾಕೆ ಇಷ್ಟು ಬಡಬಡಾಯಿಸ್ತೀನಿ ಅಂತ ನೀನು ಒಂದಿನಾನೂ ಕೇಳ್ಲಿಲ್ಲ” ಅಂದ. “ಲೊರೆಟ್ಟಾ ಆ ಕೋಣೇಲಿ ಮಲಗಿದ್ಳಲ್ಲ ಕೊನೇಲಿ, ಏನಾದ್ರೂ ಮಾತಾಡು ಕೂಟರ್ ಅಂತಿದ್ಳು. ನಂಗೆ ಒಂದು ಮಾತೂ ಹೊಳೀತಿರ್ಲಿಲ್ಲ. ಹವಾ ಹೇಗಿದೆ ಅಂತ ಹೇಳೋಕೂ ಆಗ್ಲಿಲ್ಲ. ಅವಳು ಹೋದ್ಳು ನೋಡು, ಆಮೇಲೆ ಬಾಯಿ ನಿಲ್ತಾನೇ ಇಲ್ಲ. ಎಲ್ಲಾ ಅವಳಿಗೆ ಹೇಳ್ಬೇಕಾಗಿದ್ದೇ. ಆ ಶೆರಿಫನ ನಾಯಿ ವಿಷಯ ಕೂಡ. ಕೇಳಿದ್ರೆ ಬಿದ್ದು ಬಿದ್ದು ನಗ್ತಿದ್ಳು.”

ಸೊಳ್ಳೆ ಬರುವವರೆಗೂ ಕೂತಿದ್ದೆವು. ಎದ್ದಾಗ ಅವನು, “ನಾಳೆ ಬಾ. ಬರುವಾಗ ಆ ಸೂಪು ಬೇಡ, ಅದಕ್ಕೆ ಉಪ್ಪಿಲ್ಲ” ಅಂದ.

ಮಾರ್ಚ್ 27, ಗುರುವಾರ

ಕೂಟರ್‌ನ ಹೊಲಿಗೆ ಬಿಚ್ಚುವ ದಿನ, ನನ್ನ ಗಂಟಲು ನೋಡುವ ದಿನ. ಅವನ ತಂಗಿಯ ಮಗಳು ಇಬ್ಬರನ್ನೂ ಸವಾನ್ನಾಕ್ಕೆ ಕರೆದುಕೊಂಡು ಹೋದಳು.

ಡಾಕ್ಟರಮ್ಮ, “ಈಗ ನಿಮ್ಮ ಹೆಸರು ಹೇಳಿ” ಅಂದಳು. ಹೇಳಿದೆ. ಒಣ ಹಲಗೆಯ ಮೇಲೆ ಪೆಟ್ಟಿಗೆ ಎಳೆದ ಹಾಗಿತ್ತು. ಮೆಲ್ಲಗೆ, ಸ್ವಲ್ಪ ಸ್ವಲ್ಪ ಮಾತಾಡಬಹುದಂತೆ.

ಹೊರಗೆ ಬಂದಾಗ ಕೂಟರ್, “ಏನಂದ್ಳು?” ಎಂದು ಕೇಳಿದ.

“ಆಡಬಹುದಂತೆ” ಅಂದೆ.

ಅವನು ಬೆಚ್ಚಿ ಹಿಂದಕ್ಕೆ ಸರಿದ. “ಅಯ್ಯೋ ದೇವ್ರೇ. ಮುಗೀತು ನನ್ನ ಸುಖ.”

ಯಾರಿಗೂ ಹೇಳಬೇಡ ಎಂದೆ. ಯಾಕೆಂದು ಕೇಳಿದ. ಗಂಟಲಿಗೆ ವಿಶ್ರಾಂತಿ ಒಳ್ಳೆಯದು, ಇನ್ನು ಕೆಲವು ದಿನ ಹೀಗೇ ಇರಲಿ ಎಂದೆ. ಮೀನಿನ ಕಾಲವೂ ಇನ್ನೂ ಮುಗಿದಿಲ್ಲ. ಒಡೆಸ್ಸಾಗೆ ಈಗಲೇ ಹೇಳಿದರೆ ಫೋನು ಹಿಡಿದುಕೊಂಡು ಇಡೀ ಸಭೆಗೆ ಸಾರುತ್ತಾಳೆ. ಮನೆಯಲ್ಲಿ ಸ್ಲೇಟಿನ ಮೇಲೆ “ಗಾಯ ವಾಸಿಯಾಗುತ್ತಿದೆ” ಎಂದು ಬರೆದೆ. ಅದು ಸುಳ್ಳಲ್ಲ.

ಊಟದ ಹೊತ್ತಿಗೆ ಅವಳು ಸಿಗಡಿ ಕಾರ್ಖಾನೆಯ ಕಥೆ ಮುಂದುವರಿಸಿದಳು. ಕಿಟಕಿಯಿಂದ ಹಾರಿದ್ದು ನಿಜವಂತೆ. ಮಂಡಿಯ ಮೇಲಿನ ಗಾಯದ ಗುರುತು ತೋರಿಸಿದಳು.

ಏಪ್ರಿಲ್ 1, ಮಂಗಳವಾರ

ಹಿರಿಯ ಟ್ರೂಮನ್ ಗ್ರಾಂಟ್ ದಕ್ಕೆಗೆ ಬಂದ. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಬಹಳ ಸುತ್ತಿ ಬಳಸಿ ಹೇಳಿದ. ಪಿಂಕ್ನಿಯನ್ನು ಇಲ್ಲೇ ಉಳಿಸಿಕೊಳ್ಳುತ್ತಾರಂತೆ. ಒಂದು ಭಾನುವಾರ ಅವಳು, ಒಂದು ಭಾನುವಾರ ನಾನು. ನನ್ನ ಧ್ವನಿ ಹೇಗಿದ್ದರೂ ಸರಿಯಂತೆ, ಮೈಕು ಹಾಕಿಸುತ್ತಾರಂತೆ. “ನೀವು ನೊಂದ್ಕೋಬಾರ್ದು ಪಾದ್ರಿಗಳೇ” ಎಂದು ಎರಡು ಸಲ ಹೇಳಿದ. ತಲೆಯಾಡಿಸಿದೆ. ಕಂಬದ ಬುಡದಲ್ಲಿ ದೊಡ್ಡದೊಂದು ಸುಳಿದಾಡುತ್ತಿತ್ತು, ಅವನ ನೆರಳು ನೀರಿನ ಮೇಲೆ ಬಿದ್ದಿತ್ತು. ಸರಿ ಎಂದು ಸನ್ನೆ ಮಾಡಿ, ಈ ಕಡೆ ಕೂರಿಸಿದೆ.

ಅವನು ಹೋಗುವಾಗ ಹಿಂತಿರುಗಿ ಹಿಂತಿರುಗಿ ನೋಡುತ್ತಿದ್ದ. ಏನೋ ಕಳೆದುಕೊಂಡವನ ಹಾಗೆ.

ಏಡಿ ಕಡಿಮೆಯಾಗಿವೆ. ನಾಳೆ ಜವುಗಿಗೆ ಹೋಗಿ ಹಿಡಿದು ತರಬೇಕು.

ಏಪ್ರಿಲ್ 3, ಗುರುವಾರ

ಮಧ್ಯಾಹ್ನ ಅಡುಗೆಮನೆಯ ಮೇಜಿಗೆ ಒಡೆಸ್ಸಾ ಮತ್ತು ನಾನು ಕೂತು, ನಿನ್ನೆ ಸಿಕ್ಕ ಮೀನನ್ನು ಖಾರದಲ್ಲಿ ಬೇಯಿಸಿ ಬಿಡಿಸುತ್ತಿದ್ದೆವು. ಸಂಜೆ ನೀರು ತಿರುಗುವ ಹೊತ್ತಿಗೆ ಕೂಟರ್ ಬರುವವನಿದ್ದ. ಅವಳು ಮಾತಿನ ಮಧ್ಯೆ ಕೈ ನಿಲ್ಲಿಸಿದಳು. ಮೀನಿನ ಕಡೆಗೇ ನೋಡುತ್ತ ಹೇಳಿದಳು.

“ಅಲ್ಫಾನ್ಸೊ, ನಿಂಗೆ ಒಂದು ಮಾತು ಹೇಳ್ಬೇಕು. ನಾನು ಪ್ರಾರ್ಥನೆ ಮಾಡಿ ಎಷ್ಟೋ ವರ್ಷ ಆಯ್ತು. ಕಣ್ಣು ಮುಚ್ತೀನಿ. ತುಟಿ ಆಡಿಸ್ತೀನಿ. ಮೊದಲ ಬೆಂಚಲ್ಲಿ ಕೂತಿರೋಳು ಆಡಿಸ್ಲೇಬೇಕಲ್ಲ. ಆದ್ರೆ ಆ ಕಡೆ ಯಾರೂ ಇಲ್ಲ ಅನ್ಸುತ್ತೆ. ಖಾಲಿ ಮನೆಗೆ ಫೋನ್ ಮಾಡಿದ ಹಾಗೆ. ಅದಕ್ಕೆ ಅಳು ಬರುತ್ತೆ ಅಂತಲ್ಲ, ನಾನು ಚೆನ್ನಾಗೇ ಇದೀನಿ. ಒಂಟಿ ಅನ್ಸುತ್ತೆ, ಅಷ್ಟೇ. ನಿನ್ನ ಪಕ್ಕದಲ್ಲೇ ಇದ್ಕೊಂಡು ಇದನ್ನ ನಿಂಗೆ ಹೇಳೋಕಾಗ್ದೇ ಇರೋದು ಇದೆಯಲ್ಲ, ಅದು ಜಾಸ್ತಿ.”

ನಾನು ಅವಳನ್ನು ನೋಡುತ್ತಿದ್ದೆ. ಅವಳ ಹೆಬ್ಬೆರಳಿಗೆ ಮೀನಿನ ಹುರುಪೆ ಅಂಟಿಕೊಂಡಿತ್ತು.

ನಂಬಿಕೆ ಬತ್ತಿದವರಿಗೆಂದು ನನ್ನ ಬಳಿ ಪ್ರಸಂಗವಿದೆ, ಎರಡು ಭಾನುವಾರಕ್ಕೆ ಸಾಲುವಷ್ಟು. ಜನ ಎದ್ದು ನಿಂತು ಅತ್ತದ್ದೂ ಉಂಟು. ಅದು ಈಗ, ಇದನ್ನು ಬರೆಯುವಾಗ ನೆನಪಿಗೆ ಬರುತ್ತಿದೆ.

ಅವಳು ಮೊಣಕೈಯಿಂದ ಸ್ಲೇಟನ್ನು ನನ್ನ ಕಡೆ ತಳ್ಳಿದಳು. “ಬರಿ. ಏನಾದ್ರೂ ಬರಿ. ಬೈದಾದ್ರೂ ಬರಿ.”

“ಯಾವತ್ತಿನಿಂದ?” ಅಂದೆ.

ಅವಳ ಕೈಯಿಂದ ಚಾಕು ಬಿತ್ತು. “ನಿನ್ನ ಗಂಟಲು!”

“ಮೆಲ್ಲಗೆ ಆಡಬಹುದಂತೆ.”

“ಯಾವಾಗ ಹೇಳಿದ್ಳು?”

“ಕಳೆದ ವಾರ.”

“ಕಳೆದ ವಾರ! ಒಂದು ವಾರದಿಂದ ನನ್ನ ಬಾಯಿಂದ ಎಲ್ಲಾ ಹೊರಡಿಸಿ...” ಒದ್ದೆ ಬಟ್ಟೆ ತೆಗೆದು ನನ್ನ ಭುಜಕ್ಕೆ ಒಂದು ಬಾರಿಸಿದಳು. ಇನ್ನೊಂದು ಬಾರಿಸಿದಳು. ಆಮೇಲೆ ನಕ್ಕಳು, ನಗುತ್ತ ನಗುತ್ತ ಅದೇ ಬಟ್ಟೆಯಲ್ಲಿ ಕಣ್ಣೊರೆಸಿಕೊಂಡಳು, ಮೀನಿನ ಖಾರ ಕಣ್ಣಿಗೆ ಹತ್ತಿತು. ನಾನು ಎದ್ದು ನೀರು ತಂದು ಅವಳ ಕಣ್ಣು ತೊಳೆದೆ. ಮತ್ತೆ ಕೂತೆವು.

“ಯಾವತ್ತಿನಿಂದ, ಡೆಸ್ಸಾ?”

ಅವಳು ಬಿದ್ದ ಚಾಕು ಎತ್ತಿಕೊಂಡಳು. “ಇಲ್ಲಿಗೆ ಬಂದ ಮೊದಲನೇ ವರ್ಷದಿಂದ ಹೇಳ್ಬೇಕು. ಇಲ್ದಿದ್ರೆ ನಿಂಗೆ ಅರ್ಥ ಆಗಲ್ಲ.”

“ಅಲ್ಲಿಂದಲೇ ಹೇಳು.”

ಶುರು ಮಾಡಿದಳು. ಹೊರಗೆ ಕೂಟರ್‌ನ ಟ್ರಕ್ಕು ಬಂದು ನಿಂತು ಹಾರ್ನ್ ಹೊಡೆಯಿತು. ಇನ್ನೊಮ್ಮೆ ಹೊಡೆಯಿತು. ಒಡೆಸ್ಸಾ ನನ್ನ ಮುಖ ನೋಡಿದಳು, ನಾನು ಏಳಲಿಲ್ಲ. ಕೂಟರ್ ಕೆಳಗಿಳಿದು ಏನೋ ಗೊಣಗುತ್ತ ಮೆಟ್ಟಿಲು ಹತ್ತಿ ಬಂದ. ಜಾಲರಿ ಬಾಗಿಲಿನಿಂದ ಒಳಗೆ ಇಣುಕಿ ನಮ್ಮಿಬ್ಬರನ್ನೂ ನೋಡಿ, ಬಾಯಿ ತೆರೆದವನು ಮುಚ್ಚಿಕೊಂಡ. ತನ್ನ ಪಟ್ಟಿ ಕಟ್ಟಿದ ಕೈಯನ್ನು ಸ್ವಲ್ಪ ಎತ್ತಿ, ಸದ್ದಾಗದಂತೆ ಮೆಟ್ಟಿಲಿಳಿದು ಹೋದ.

ಹೊಳೆಯಲ್ಲಿ ನೀರು ತಿರುಗಿತು, ಇಳಿಯಿತು, ಮತ್ತೆ ಏರತೊಡಗಿತು. ಒಡೆಸ್ಸಾ ಇನ್ನೂ ಎರಡನೇ ವರ್ಷದಲ್ಲಿದ್ದಳು.